ಲಂಡನ್ನಿನ ರಭಸದ ನೀರಿನ ಪಾರ್ಕ್ ನೋಡಿ ಬಂದೆ, ನಮ್ಮ ಕಡೆಯೂ ಇಂಥ ಸಹಾಯಾರ್ಥ ದಿನ ಮಾಡೋಣವೇ?

ಸಾಧನಕೇರಿ ಅಕ್ಕ

ಮಗಳ ಬಾಣಂತನಕ್ಕೆ ಹೋಗಿ ಐದು ತಿಂಗಳು ಲಂಡನ್ನಿನಲ್ಲಿದ್ದು ಮೊನ್ನೆ ಧಾರವಾಡಕ್ಕೆ ವಾಪಸ್ ಬಂದೆ. ಎಲ್ಲರೂ ಅರಮನೆ ನೋಡಿದಿರಾ, ದೊಡ್ಡ ಗಡಿಯಾರ ನೋಡಿದಿರಾ ಎಂದು ಕೇಳುತ್ತಿದ್ದಾರೆ. ನೋಡಿದೆ. ಆದರೆ ತಲೆಯಲ್ಲಿ ಕೂತದ್ದು ಬೇರೆ ಜಾಗ.

ಊರಿನ ಉತ್ತರ ಅಂಚಿನಲ್ಲಿ ವಾಲ್ತಮ್ ಕ್ರಾಸ್ ಎಂಬಲ್ಲಿ ಲೀ ವ್ಯಾಲಿ ವೈಟ್ ವಾಟರ್ ಸೆಂಟರ್ ಇದೆ. 2012ರ ಒಲಿಂಪಿಕ್ಸ್‌ನ ಕನೂ ಸ್ಲಾಲಮ್ ಸ್ಪರ್ಧೆಗೆಂದು, ಅಂದರೆ ರಭಸದ ನೀರಿನಲ್ಲಿ ಕಂಬಗಳ ನಡುವೆ ಸಣ್ಣ ದೋಣಿ ನಡೆಸುವ ಆಟಕ್ಕೆಂದು ಕಟ್ಟಿದ್ದು. ಹೊಳೆ ಅಲ್ಲ. ಕಾಂಕ್ರೀಟಿನ ಕಾಲುವೆ. 300 ಮೀಟರ್ ಉದ್ದ, ಮೇಲಿಂದ ಕೆಳಕ್ಕೆ ಐದೂವರೆ ಮೀಟರ್ ಇಳಿಜಾರು. ಕೆಳಗಿನ ಕೊಳದ ನೀರನ್ನು ಪಂಪು ಮೇಲಕ್ಕೆತ್ತುತ್ತದೆ, ಅದು ಭೋರ್ಗರೆಯುತ್ತ ಮತ್ತೆ ಕೆಳಗಿಳಿಯುತ್ತದೆ. ರಾಫ್ಟ್, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿ, ಕೆಳಗೆ ಬಂದ ಮೇಲೆ ಯಾರೂ ಇಳಿಯುವುದಿಲ್ಲ. ಕೂತಲ್ಲೇ ಕೂತಿರುತ್ತಾರೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಬೆಲ್ಟ್ ಏರಿದ ಹಾಗೆ ರಾಫ್ಟು ಜನರ ಸಮೇತ ಮೇಲೆ ಹೋಗುತ್ತದೆ. ಇದನ್ನೇ ನಾನು ಅರ್ಧ ತಾಸು ಬಾಯಿ ಬಿಟ್ಟುಕೊಂಡು ನೋಡಿದೆ.

ಮಗಳ ಆಫೀಸಿನವರು ಅವತ್ತು ಅಲ್ಲಿ ಸೇರಿದ್ದರು. ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಒಂದು ಮನೆಗೆ ದುಡ್ಡು ಕೂಡಿಸುವುದಕ್ಕೆ. ಒಂದೊಂದು ರಾಫ್ಟಿಗೆ ಒಂದೊಂದು ತಂಡ. ಪ್ರತಿಯೊಬ್ಬರೂ ಮೊದಲೇ ಅಕ್ಕಪಕ್ಕದ ಮನೆಯವರಿಂದ, ನೆಂಟರಿಂದ ಮಾತು ತೆಗೆದುಕೊಂಡಿರುತ್ತಾರೆ: ನಾನು ಈ ನೀರಿಗಿಳಿದರೆ ನೀವು ಇಷ್ಟು ಕೊಡಬೇಕು. ಒಬ್ಬ ದಢೂತಿ ಮನುಷ್ಯ ಜೇನುಹುಳದ ವೇಷ ಹಾಕಿದ್ದ. ಎರಡನೇ ಇಳಿತದಲ್ಲೇ ಅವನ ಎಡ ರೆಕ್ಕೆ ಕಿತ್ತು ತೇಲಿಹೋಯಿತು. ಆಮೇಲೆ ಚಹಾ ಕುಡಿಯುವಾಗ ಅದೇ ಒದ್ದೆ ರೆಕ್ಕೆಯನ್ನು ಹರಾಜು ಹಾಕಿದರು. ಇಪ್ಪತ್ತು ಪೌಂಡಿಗೆ ಹೋಯಿತು! ಕೊಂಡವಳು ಮುದುಕಿ, ನನಗಿಂತ ಹತ್ತು ವರ್ಷ ದೊಡ್ಡವಳು.

ನಮ್ಮ ಕಡೆ ಇಂಥದ್ದೊಂದು ದಿನ ಮಾಡಿದರೆ ಹೇಗೆ? ಗಣೇಶಗುಡಿಯಲ್ಲಿ ಕಾಳಿ ಹೊಳೆ ಇದೆ, ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆ ಇದೆ. ನನಗೆ ನೀರಿನ ವಿಷಯ ಏನೂ ಗೊತ್ತಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು. ಗೊತ್ತಿದ್ದವರು ಹೇಳಿ.

ಗಿರ್ಮಿಟ್ ಮಿರ್ಚಿ

ಅಕ್ಕೋರೆ, ಹುಬ್ಬಳ್ಳಿಯಲ್ಲಿ ವೈಟ್ ವಾಟರ್ ಅಂದರೆ ವಾರಕ್ಕೊಮ್ಮೆ ನಳ ಬಿಟ್ಟಾಗ ಮೊದಲ ಹತ್ತು ನಿಮಿಷ ಬರುವ ಬ್ಲೀಚಿಂಗ್ ನೀರು. ಅದರಲ್ಲಿ ರಾಫ್ಟ್ ಬಿಡುವುದಾದರೆ ನಾನೂ ಬರುತ್ತೇನೆ. ಕೊಡ ತರುತ್ತೇನೆ.

ಗೋಕುಲ ರೋಡ್ ಇಂಜಿನಿಯರ್

ನಗಬೇಡಿ, ಲೆಕ್ಕ ಹಾಕಿ ನೋಡಿದೆ. ಆ ಕಾಲುವೆಯಲ್ಲಿ ಸೆಕೆಂಡಿಗೆ ಸುಮಾರು 15 ಘನ ಮೀಟರ್ ನೀರು ಹರಿಯುತ್ತದೆ. ಅಂದರೆ 15,000 ಲೀಟರ್. ನಮ್ಮ ಓಣಿಗೆ ಬರುವ 5,000 ಲೀಟರಿನ ಟ್ಯಾಂಕರ್ ಇದೆಯಲ್ಲ, ಅಂಥ ಮೂರು ಟ್ಯಾಂಕರ್ ಒಂದು ಸೆಕೆಂಡಿಗೆ. ಅಷ್ಟು ನೀರನ್ನು ಐದೂವರೆ ಮೀಟರ್ ಎತ್ತುವುದಕ್ಕೇ 800 ಕಿಲೋವ್ಯಾಟ್ ಬೇಕು. ಪಂಪಿನಲ್ಲಿ ಆಗುವ ನಷ್ಟ ಸೇರಿಸಿದರೆ ಒಂದು ಮೆಗಾವ್ಯಾಟ್. ನಮ್ಮ ಹೊಲದ 5 ಎಚ್‌ಪಿ ಪಂಪ್‌ಸೆಟ್ ಇನ್ನೂರೈವತ್ತಕ್ಕಿಂತ ಜಾಸ್ತಿ ಒಟ್ಟಿಗೆ ಶುರು ಮಾಡಿದ ಹಾಗೆ. ನೀರೇನೋ ಸುತ್ತಿ ಸುತ್ತಿ ಅದೇ ಬರುತ್ತದೆ, ಖರ್ಚಾಗುವುದಿಲ್ಲ. ಕರೆಂಟ್ ಬಿಲ್ ಮಾತ್ರ ಸುತ್ತಿ ಬರುವುದಿಲ್ಲ.

ಪಂಪಿಲ್ಲದೆಯೂ ಮಾಡಬಹುದು. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 1972ರ ಒಲಿಂಪಿಕ್ಸ್‌ಗೆ ಕಟ್ಟಿದ ಕಾಲುವೆಗೆ ಲೆಖ್ ಎಂಬ ಹೊಳೆಯ ನೀರೇ ಬರುತ್ತದೆ. ಆದರೆ ಅಲ್ಲಿ ವರ್ಷವಿಡೀ ಹರಿಯುವ ಹೊಳೆ ಪಕ್ಕದಲ್ಲೇ ಇದೆ. ನಮ್ಮ ಬೆಣ್ಣಿಹಳ್ಳ ವರ್ಷದಲ್ಲಿ ಹತ್ತು ತಿಂಗಳು ಮಲಗಿರುತ್ತದೆ, ಎದ್ದರೆ ನವಲಗುಂದದ ಕಡೆ ಹೊಲ ಹೊತ್ತುಕೊಂಡು ಹೋಗುತ್ತದೆ. ಅದನ್ನು ನಂಬಿ ಪಾರ್ಕ್ ಕಟ್ಟುವ ಹಾಗಿಲ್ಲ.

ಕೇಶ್ವಾಪುರ ಡಾಕ್ಟರ್

ಉಣಕಲ್ ಕೆರೆ ಬೇಡ. ದೋಣಿಯಲ್ಲಿ ಒಂದು ಸುತ್ತು ಹಾಕುವುದು ಬೇರೆ, ಮೂಗು ಬಾಯಿಗೆ ನೀರು ಹೋಗುವ ಆಟ ಬೇರೆ. ಅಲ್ಲಿ ಅಂತರಗಂಗೆ ತೆಗೆದಷ್ಟೂ ಬೆಳೆಯುತ್ತದೆ. ಕೆರೆಗೆ ಊರ ಕೊಳೆ ಇಳಿಯುತ್ತಿದ್ದರೆ ಅದು ಹಾಗೆ ಹಬ್ಬುತ್ತದೆ.

ಕಟ್ಟಿದ ಕಾಲುವೆಯಾದರೆ ಸುರಕ್ಷಿತ ಎಂದೂ ತಿಳಿಯಬೇಡಿ. ಅಮೆರಿಕದ ಶಾರ್ಲೆಟ್ ನಗರದಲ್ಲಿ 2006ರಿಂದ ಇಂಥದ್ದೇ ದೊಡ್ಡ ಪಾರ್ಕ್ ಇದೆ. 2016ರ ಜೂನ್‌ನಲ್ಲಿ ಅಲ್ಲಿ ರಾಫ್ಟಿಂಗ್ ಮಾಡಿ ಹೋದ ಹದಿಹರೆಯದ ಹುಡುಗಿಯೊಬ್ಬಳು ಮಿದುಳಿನ ಸೋಂಕಿನಿಂದ ತೀರಿಕೊಂಡಳು. ನೇಗ್ಲೇರಿಯಾ ಎಂಬ ಅಮೀಬಾ. ಕುಡಿದರೆ ಏನೂ ಆಗುವುದಿಲ್ಲ, ಮೂಗಿನಲ್ಲಿ ನೀರು ರಭಸದಿಂದ ಏರಿದಾಗ ಒಳಗೆ ಹೋಗುತ್ತದೆ. ಪರೀಕ್ಷೆ ಮಾಡಿದಾಗ ಕಾಲುವೆಯ ನೀರಿನಲ್ಲಿ ಅದು ಸಿಕ್ಕಿತು. ಕೆಲವು ವಾರ ರಾಫ್ಟಿಂಗ್ ನಿಲ್ಲಿಸಿ ನೀರು ಶುದ್ಧ ಮಾಡುವ ವ್ಯವಸ್ಥೆಯನ್ನೇ ಬದಲಿಸಬೇಕಾಯಿತು. ಈಚೆಗೆ ಕೇರಳದಲ್ಲೂ ಇದೇ ಕಾಯಿಲೆಯ ಪ್ರಕರಣಗಳು ಬಂದವು. ಹೆದರಿಸುತ್ತಿಲ್ಲ. ಬಹಳ ಅಪರೂಪದ ರೋಗ. ಆದರೆ ಬೆಚ್ಚಗಿನ, ನಿಂತ ನೀರಿನಲ್ಲಿ ನೂರು ಜನರನ್ನು ಮುಳುಗಿಸಿ ಎಬ್ಬಿಸುವ ಕಾರ್ಯಕ್ರಮಕ್ಕೆ ನಾನು ಡಾಕ್ಟರಾಗಿ ಬಂದು ಕೂರುವುದಿಲ್ಲ.

ನೋಡಿದ್ದೇನೆ ಎಲ್ಲಾ

ನನ್ನ ಪ್ರಶ್ನೆ ಬೇರೆ. ದಾನ ಮಾಡಬೇಕು ಅನಿಸಿದರೆ ಸುಮ್ನೆ ಮಾಡಿ. ಅದಕ್ಕೆ ನೀರಿಗೆ ಬೀಳಬೇಕೇಕೆ, ಹುಳದ ವೇಷ ಯಾಕೆ?

ಕೆಲವು ವರ್ಷದ ಹಿಂದೆ ಇಲ್ಲೇ ಒಂದು ಸಹಾಯಾರ್ಥ ಓಟಕ್ಕೆ ನಾನು ಕೆಲಸ ಮಾಡಿದೆ. ಯಾರದು ಅನ್ನುವುದು ಬೇಡ. ಬೆಳಗಿನ ಐದಕ್ಕೆ ಹೋಗಿ ಕುರ್ಚಿ ಹಾಕಿದ್ದೇವೆ. ಬಂದ ದುಡ್ಡಿನಲ್ಲಿ ಟೀ ಶರ್ಟು, ಪೆಂಡಾಲು, ಮೈಕು, ಫ್ಲೆಕ್ಸು, ಅತಿಥಿಗಳಿಗೆ ಶಾಲು, ಪೇಟ, ಪೇಡೆ. ಕೊನೆಗೆ ಅನಾಥ ಮಕ್ಕಳ ಕೈಗೆ ಬಂದದ್ದು ಒಂದು ದೊಡ್ಡ ರಟ್ಟಿನ ಚೆಕ್. ಫೋಟೋ ತೆಗೆದ ಮೇಲೆ ಆ ರಟ್ಟನ್ನೂ ವಾಪಸ್ ಒಯ್ದರು. ನಿಜವಾದ ಹಣ ನಾಲ್ಕು ತಿಂಗಳ ನಂತರ ಬಂತು, ಹೇಳಿದ್ದರಲ್ಲಿ ಮೂರನೇ ಒಂದು ಪಾಲೂ ಇರಲಿಲ್ಲ. ಅವತ್ತಿನಿಂದ ಇಂಥ ಕಾರ್ಯಕ್ರಮ ಅಂದರೆ ನನಗೆ ಆಗುವುದಿಲ್ಲ.

ಗದಗ ಮಾಸ್ತರ

ನಿಮ್ಮ ಸಿಟ್ಟು ಸರಿ ಇದೆ. ಆದರೆ ಆಟ ತೋರಿಸಿ ದಾನ ಕೂಡಿಸುವುದು ಲಂಡನ್ನಿನವರ ಹೊಸ ವಿದ್ಯೆ ಅಲ್ಲ. ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆದದ್ದು ಹೇಗೆ? ಅಂಧ ಮಕ್ಕಳಿಗೆ ಅನ್ನ, ಸಂಗೀತ ಎರಡೂ ಕೊಡಬೇಕಿತ್ತು. ಪಂಚಾಕ್ಷರ ಗವಾಯಿಗಳು ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು. ಜನ ನಾಟಕಕ್ಕೆ ಟಿಕೆಟ್ ತೆಗೆದರು, ಮಕ್ಕಳು ಉಂಡರು. ಪುಟ್ಟರಾಜ ಗವಾಯಿಗಳ ಕಾಲಕ್ಕೆ ಊರೂರಲ್ಲಿ ತುಲಾಭಾರ. ತಕ್ಕಡಿಯ ಒಂದು ಕಡೆ ಅಜ್ಜಾವ್ರು, ಇನ್ನೊಂದು ಕಡೆ ನಾಣ್ಯ. ನಾನು ಸಣ್ಣವನಿದ್ದಾಗ ಒಮ್ಮೆ ನೋಡಿದ್ದೇನೆ. ತಕ್ಕಡಿ ಸಮ ಆಗುವ ಹೊತ್ತಿಗೆ ಒಬ್ಬ ಮುದುಕ ಅಂಗಿಯ ಒಳಜೇಬಿನಿಂದ ಬಸ್ ಚಾರ್ಜಿಗೆ ಇಟ್ಟುಕೊಂಡಿದ್ದ ನಾಣ್ಯ ತೆಗೆದು ಹಾಕಿ, ಆಮೇಲೆ ಊರಿಗೆ ನಡೆದುಕೊಂಡೇ ಹೋದ.

ಜನರಿಗೆ ನೋಡುವುದಕ್ಕೆ ಏನಾದರೂ ಬೇಕು. ಅದು ತಪ್ಪಲ್ಲ. ದುಡ್ಡು ಯಾರ ಊಟದ ತಟ್ಟೆಗೆ ಹೋಯಿತು ಎಂಬುದು ಕಣ್ಣಿಗೆ ಕಾಣಬೇಕು. ಪುಣ್ಯಾಶ್ರಮದಲ್ಲಿ ಅದು ಕಾಣುತ್ತಿತ್ತು, ಪಂಕ್ತಿಯಲ್ಲಿ ಕೂತು ನೋಡಬಹುದಿತ್ತು. ರಟ್ಟಿನ ಚೆಕ್ಕಿನಲ್ಲಿ ಕಾಣುವುದಿಲ್ಲ.

ಲೆಕ್ಕದವ

ಮಾಸ್ತರ್ರ ಮಾತಿಗೆ ನನ್ನ ಕಡೆಯಿಂದ ಸ್ವಲ್ಪ ಒಣ ವಿಷಯ. ಬ್ರಿಟನ್ನಿನಲ್ಲಿ ಗಿಫ್ಟ್ ಏಡ್ ಎಂಬ ಪದ್ಧತಿ ಇದೆ. ತೆರಿಗೆ ಕಟ್ಟುವವರು ಒಂದು ಪೌಂಡ್ ಕೊಟ್ಟರೆ ಆ ಸಂಸ್ಥೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಪಡೆಯಬಹುದು. ಲಾಭ ಸಂಸ್ಥೆಗೆ. ನಮ್ಮಲ್ಲಿ ಜನ 80ಜಿ ಅನ್ನುವ ತೆರಿಗೆ ರಿಯಾಯಿತಿ ಇದೆ, ಲಾಭ ಕೊಟ್ಟವರಿಗೆ. ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ, ಅದೂ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟಿರದಿದ್ದರೆ ಮಾತ್ರ. ಆದ್ದರಿಂದ ನಾವು ಹೊಸ ಸಂಘ ಕಟ್ಟುವುದು ಬೇಡ. ದುಡ್ಡು ನಮ್ಮ ಯಾರ ಖಾತೆಗೂ ಬರಬಾರದು. ಯಾರಿಗೆ ಸೇರಬೇಕೋ ಆ ನೋಂದಾಯಿತ ಸಂಸ್ಥೆಗೆ ನೇರ ಹೋಗಲಿ, ಇಲ್ಲವೇ ಸಾಮಾನು ಕೊಳ್ಳುವುದಾದರೆ ಅಂಗಡಿಗೆ ನೇರ ಹೋಗಲಿ. ರಾಫ್ಟಿಂಗ್ ಖರ್ಚು ಅವರವರ ಜೇಬಿನಿಂದ. ಇದೊಂದಕ್ಕೆ ಒಪ್ಪಿದರೆ ಅರ್ಧ ಜಗಳ ಮುಗಿಯಿತು.

ಜೋಯಿಡಾ ಹುಟ್ಟುಗಾರ

ಈ ಮಾತುಕತೆಯ ಲಿಂಕ್ ನನಗೆ ಧಾರವಾಡದ ಗೆಳೆಯ ಕಳಿಸಿದ. ನಾನು ಎಂಟು ಸೀಸನ್ ಕಾಳಿಯಲ್ಲಿ ರಾಫ್ಟ್ ನಡೆಸಿದವನು. ಈಗ ಬಿಟ್ಟಿದ್ದೇನೆ, ಭುಜ ನೋವು.

ಅಕ್ಕೋರೆ, ಗಣೇಶಗುಡಿಯ ರಭಸದ ನೀರೂ ಒಂದು ರೀತಿ ಪಂಪಿನ ನೀರೇ. ಮೇಲೆ ಸೂಪಾ ಡ್ಯಾಮ್ ಇದೆ, 101 ಮೀಟರ್ ಎತ್ತರ. ಅದರ ಬುಡದಲ್ಲೇ ಪವರ್ ಹೌಸ್. ಅಲ್ಲಿ ಟರ್ಬೈನ್ ತಿರುಗಿದರೆ ನಮಗೆ ನೀರು, ನಿಂತರೆ ಬರೀ ಕಲ್ಲು. ಬೆಂಗಳೂರಿನಲ್ಲಿ ಫ್ಯಾನ್ ಹಾಕಿದರೆ ನಮ್ಮ ರಾಫ್ಟ್ ಓಡುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ನೀರು ಎಷ್ಟೊತ್ತಿಗೆ ಬರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಮಳೆಗಾಲದಲ್ಲಿ ರಾಫ್ಟಿಂಗ್ ಬಂದ್. ಹಾಗಾಗಿ ತಾರೀಕು ಮೊದಲೇ ಫ್ಲೆಕ್ಸಿನಲ್ಲಿ ಹಾಕಿ ಕೂರಬೇಡಿ.

ಶನಿವಾರ, ಭಾನುವಾರ ಬರಬೇಡಿ. ಆ ಎರಡು ದಿನ ಹುಡುಗರಿಗೆ ಉಸಿರಾಡಲು ಬಿಡುವಿಲ್ಲ. ರಾಫ್ಟಿನಲ್ಲಿ ಎಷ್ಟು ಜನ ಎಂದು ಗೈಡ್ ಹೇಳಿದ್ದೇ ಕೊನೆಯ ಮಾತು, ‘ಸರ್, ನಮ್ಮ ಮಗು ಒಂದೇ, ತೊಡೆ ಮೇಲೆ ಕೂರಿಸಿಕೊಳ್ಳುತ್ತೇವೆ’ ಅನ್ನಬಾರದು. ಎಲ್ಲ ಅನಾಹುತವೂ ಆ ಮಾತಿನಿಂದಲೇ ಶುರುವಾಗುತ್ತದೆ.

ಇನ್ನು ದುಡ್ಡು ಯಾತಕ್ಕೆ ಎಂಬ ಮಾತು. ನಾನು ಒಂದು ಹೇಳಲೇ? ರಾಫ್ಟಿನಲ್ಲಿ ಕೂತವನಿಗೆ ಹೆಲ್ಮೆಟ್ ಇದೆ, ಜಾಕೆಟ್ ಇದೆ, ಹಿಂದೆ ನನ್ನಂಥವನು ಇದ್ದಾನೆ. ನಮ್ಮ ಜನ ಸಾಯುತ್ತಿರುವುದು ರಭಸದ ನೀರಿನಲ್ಲಿ ಅಲ್ಲ. ನಿಂತ ನೀರಿನಲ್ಲಿ. ಕೃಷಿ ಹೊಂಡ ನೋಡಿದ್ದೀರಾ? 2014ರಿಂದ ಈಚೆಗೆ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ನಿಮ್ಮ ಧಾರವಾಡ, ಗದಗ, ಹಾವೇರಿ ಹೊಲಗಳಲ್ಲಿ ಎಷ್ಟೋ ಆಗಿವೆ. ಒಳಗೆ ಪ್ಲಾಸ್ಟಿಕ್ ಹಾಸಿರುತ್ತಾರೆ. ಪಾಚಿ ಕಟ್ಟಿದ ಮೇಲೆ ಅದು ಎಣ್ಣೆ ಹಚ್ಚಿದ ಬಂಡೆ. ಕೈಕಾಲು ತೊಳೆಯಲು ಇಳಿದ ಹುಡುಗ ಜಾರಿದರೆ ಈಜು ಬಂದರೂ ಮೇಲೆ ಬರಲಾರ, ಹಿಡಿಯುವುದಕ್ಕೆ ಏನೂ ಇಲ್ಲ. ಅವನನ್ನು ಎಳೆಯಲು ಅಣ್ಣ ಇಳಿಯುತ್ತಾನೆ, ಅಣ್ಣನ ಹಿಂದೆ ಅಪ್ಪ. ಪೇಪರಿನಲ್ಲಿ ಓದಿರುತ್ತೀರಿ, ಯಾವಾಗಲೂ ಇಬ್ಬರು, ಮೂವರು.

ಒಂದು ಹಗ್ಗ ಸಾಕು. ದಂಡೆಯ ಮೇಲೆ ಗೂಟ ಹೊಡೆದು, ಎರಡು ಅಡಿಗೊಂದು ಗಂಟು ಹಾಕಿದ ಹಗ್ಗವನ್ನು ನೀರಿನವರೆಗೆ ಇಳಿಬಿಡಬೇಕು. ನಾಲ್ಕು ಮೂಲೆಗೆ ನಾಲ್ಕು. ಬೇಲಿ ಹಾಕಿದರೆ ಇನ್ನೂ ಒಳ್ಳೆಯದು.

ಸಾಧನಕೇರಿ ಅಕ್ಕ

ತಮ್ಮಾ, ನಿನ್ನೆ ರಾತ್ರಿ ಇದನ್ನು ಎರಡು ಸಲ ಓದಿದೆ. ನನ್ನ ಕ್ಲಾಸಿನಲ್ಲಿ ಏಳನೆಯ ಇಯತ್ತೆಯ ಹುಡುಗನೊಬ್ಬ ಹೀಗೆಯೇ ಹೋದ, ಮಾವನ ಹೊಲದ ಹೊಂಡದಲ್ಲಿ, ಯುಗಾದಿ ಸೂಟಿಯಲ್ಲಿ. ಹಾಜರಿ ಪುಸ್ತಕದಲ್ಲಿ ಅವನ ಹೆಸರು ವರ್ಷದ ಕೊನೆಯವರೆಗೂ ಇತ್ತು. ದಾಟಿ ಮುಂದಿನ ಹೆಸರು ಕರೆಯುತ್ತಿದ್ದೆ.

ನಾನು ಕೊನೆಗಾಲದ ರೋಗಿಗಳ ಮನೆ ಎಂದುಕೊಂಡಿದ್ದೆ, ಅಲ್ಲಿ ನೋಡಿದ್ದಕ್ಕೆ. ಈಗ ಅದು ಬೇಡ. ಹಗ್ಗಕ್ಕೇ ಕೂಡಿಸೋಣ.

ಹೊಳೆಆಲೂರು ಹುಡುಗ

ಹಗ್ಗಕ್ಕೆ ನನ್ನ ಓಟು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ಮಲಪ್ರಭೆ ನಮ್ಮೂರ ಒಳಗೇ ಬಂದಳು. ನಾವು ಮಾಳಿಗೆ ಮೇಲೆ ಕೂತಿದ್ದೆವು. ಕೆಳಗೆ ಓಣಿಯಲ್ಲಿ ನೀರು ಎಷ್ಟು ಸೆಳೆಯುತ್ತಿತ್ತೆಂದರೆ ಈಜು ಬರುವವನೂ ಎರಡು ಮನೆ ದಾಟಲಾರ. ಎದುರು ಮನೆಯ ಕಾಕಾ ಎತ್ತು ಕಟ್ಟುವ ಮಿಣಿ ಎಸೆದ, ಐದು ಸಲ ಎಸೆದರೂ ನಮ್ಮ ಕೈಗೆ ಬರಲಿಲ್ಲ. ಒದ್ದೆಯಾಗಿ ಭಾರವಾಗಿ ನಡುವೆ ಬಿದ್ದು ಮುಳುಗುತ್ತಿತ್ತು. ಆರನೆಯ ಸಲ ತುದಿಗೆ ಖಾಲಿ ಕೊಡ ಕಟ್ಟಿದ. ತೇಲಿ ಬಂತು. ಅದನ್ನು ಹಿಡಿದು ಟ್ರ್ಯಾಕ್ಟರ್ ಟ್ಯೂಬಿನಲ್ಲಿ ಅಜ್ಜಿಯನ್ನು ದಾಟಿಸಿದೆವು. ಅಜ್ಜಿ ನಡುನೀರಿನಲ್ಲೂ ರೊಟ್ಟಿಯ ಬುಟ್ಟಿ ಬಿಟ್ಟಿರಲಿಲ್ಲ.

ಜೋಯಿಡಾ ಹುಟ್ಟುಗಾರ

ನಿಮ್ಮ ಕಾಕಾ ಕಂಡುಹಿಡಿದದ್ದನ್ನೇ ನಾವು ಥ್ರೋ ಬ್ಯಾಗ್ ಅನ್ನುತ್ತೇವೆ. ಚೀಲದಲ್ಲಿ ಹದಿನೈದು, ಇಪ್ಪತ್ತು ಮೀಟರ್ ತೇಲುವ ಹಗ್ಗ. ಸುತ್ತಿ ಇಡುವುದಿಲ್ಲ, ಹಾಗೇ ತುರುಕಿರುತ್ತೇವೆ, ಎಸೆದಾಗ ಸಿಕ್ಕು ಬೀಳದೆ ಬಿಚ್ಚಿಕೊಳ್ಳುತ್ತ ಹೋಗಲಿ ಎಂದು. ಒಂದು ತುದಿ ಕೈಯಲ್ಲಿ ಹಿಡಿದು ಚೀಲ ಎಸೆಯಬೇಕು. ಕೈಗೆ ಸುತ್ತಿಕೊಳ್ಳಬಾರದು, ಇಲ್ಲದಿದ್ದರೆ ಇಬ್ಬರೂ ಹೋಗುತ್ತೀರಿ.

ಹಳ್ಳಿಗೆ ಅದನ್ನೇ ಕೊಳ್ಳಬೇಕು ಎಂದಿಲ್ಲ. ಐದು ಲೀಟರಿನ ಅಡುಗೆ ಎಣ್ಣೆ ಕ್ಯಾನ್, ಮುಚ್ಚಳ ಬಿಗಿ ಇರಬೇಕು. ತೂಕಕ್ಕೆ ಒಳಗೆ ಒಂದು ಲೋಟ ನೀರು. ಹಿಡಿಕೆಗೆ ಹಗ್ಗ. ಅಷ್ಟೇ. ಬಿದ್ದವನು ಕ್ಯಾನನ್ನು ತಬ್ಬಿಕೊಂಡರೂ ತೇಲುತ್ತಾನೆ.

ಹೊಳೆಯಲ್ಲಿ ತಾನೇ ಬಿದ್ದರೆ ಎದ್ದು ನಿಲ್ಲಲು ಹೋಗಬಾರದು, ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕಿದರೆ ನೀರು ಬೆನ್ನ ಮೇಲಿಂದ ಅದುಮುತ್ತದೆ. ಅಂಗಾತ ಮಲಗಿ, ಪಾದ ಮುಂದೆ ಮಾಡಿ, ಬೆರಳು ನೀರಿನ ಮೇಲೆ ಕಾಣುವ ಹಾಗೆ ಹೋಗಬೇಕು.

ತುಂಗಭದ್ರಾ ದಂಡೆ

ಹಾವೇರಿ ಜಿಲ್ಲೆಯವನು, ಹೊಳೆ ಪಕ್ಕದ ಊರು. ನಮ್ಮಲ್ಲಿ ಈಗಲೂ ಹರಿಗೋಲು ಇದೆ. ಹಿಂದೆ ಬಿದಿರಿನ ಬುಟ್ಟಿಗೆ ಚರ್ಮ ಹೊದಿಸುತ್ತಿದ್ದರಂತೆ, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಹುಟ್ಟು ಹಾಕಲು ಬರದವನು ಕೂತರೆ ಅದು ಇದ್ದಲ್ಲೇ ಗಿರಗಿಟ್ಟೆ ತಿರುಗುತ್ತದೆ. ಡಾಕ್ಟರು, ಇಂಜಿನಿಯರು ಎಲ್ಲ ಬಂದು ಕೂತರೆ ಊರಿಗೆ ಊರೇ ನೋಡಲು ಬರುತ್ತದೆ, ಜೇನುಹುಳದ ವೇಷ ಬೇಕಾಗಿಲ್ಲ. ಗಣೇಶಗುಡಿ ನಿಮಗೆ ಇರಲಿ, ನಮ್ಮಲ್ಲೂ ಒಂದು ದಿನ ಮಾಡಿ. ಬೇಸಿಗೆಯ ಮೊದಲು, ನೀರು ಸಣ್ಣಗೆ ಇರುವಾಗ, ಮೀನುಗಾರರನ್ನು ಕೇಳಿಕೊಂಡು. ನಮ್ಮೂರ ಸುತ್ತಮುತ್ತ ಇಪ್ಪತ್ತು ಹೊಂಡ ನಾನೇ ಎಣಿಸಿದ್ದೇನೆ. ಬೇಲಿ ಇರುವುದು ನಾಲ್ಕಕ್ಕೆ.

ಕೇಶ್ವಾಪುರ ಡಾಕ್ಟರ್

ಹರಿಯುವ ನೀರು, ಜಾಕೆಟ್ ಕಡ್ಡಾಯ, ಮೀನುಗಾರರು ಜೊತೆಗೆ ಅಂದರೆ ನಾನು ಬರುತ್ತೇನೆ. ತಿರುಗುವುದಕ್ಕೂ ಸಿದ್ಧ. ಅವತ್ತೇ ಊರಿನವರಿಗೆ ಎದೆ ಒತ್ತುವುದು, ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು ತೋರಿಸಿಕೊಡುತ್ತೇನೆ. ಮುಳುಗಿದವನನ್ನು ಕಾಲು ಹಿಡಿದು ತಲೆಕೆಳಗೆ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮ ಕಡೆ ಇನ್ನೂ ನಡೆಯುತ್ತಿದೆ. ಅದರಲ್ಲೇ ಉಳಿಯಬಹುದಾದ ಎರಡು, ಮೂರು ನಿಮಿಷ ಹೋಗುತ್ತವೆ.

ನೋಡಿದ್ದೇನೆ ಎಲ್ಲಾ

ಹಗ್ಗ ಕಟ್ಟುವುದಾದರೆ ನಾನೂ ಬರುತ್ತೇನೆ. ಗೂಟ ಹೊಡೆಯಲು. ಶಾಲು ಹೊದಿಸಿದರೆ ಅಲ್ಲಿಂದಲೇ ವಾಪಸ್.

ಲೆಕ್ಕದವ

ಇವತ್ತು ದುರ್ಗದ ಬೈಲಿಗೆ ಹೋಗಿದ್ದೆ, ದಾರಿಯಲ್ಲಿ ಎರಡು ಅಂಗಡಿಯಲ್ಲಿ ಹಗ್ಗದ ರೇಟು ಕೇಳಿದೆ. ಪೂರ್ತಿ ಬಿಲ್ ಕೊಡುತ್ತೇನೆ ಅಂದವನು ಒಬ್ಬ. ಅವನ ಬಳಿಯೇ ಕೊಳ್ಳೋಣ. ಪ್ರತಿ ಹೊಂಡದ ಮುಂದೆ ಹಗ್ಗ ಕಟ್ಟಿದ ಮೇಲೆ ಒಂದು ಫೋಟೋ, ಅದರ ಕೆಳಗೆ ಬಿಲ್. ಮನುಷ್ಯರ ಫೋಟೋ ಬೇಡ.

ಗಿರ್ಮಿಟ್ ಮಿರ್ಚಿ

ಎಣ್ಣೆ ಕ್ಯಾನ್ ನಾನು ಕೊಡುತ್ತೇನೆ. ದಿನಾ ಸಂಜೆ ಮಿರ್ಚಿ ಭಜಿ ಕರಿಯುವ ಗಾಡಿ ನಮ್ಮದು, ಖಾಲಿ ಕ್ಯಾನಿಗೆ ಬರವಿಲ್ಲ. ಸೋಪು ಹಾಕಿ ತೊಳೆದೇ ಕೊಡುತ್ತೇನೆ. ತೊಳೆಯದೆ ಕೊಟ್ಟರೆ ಬಿದ್ದವನ ಕೈ ಜಾರುತ್ತದೆ.

ಸಾಧನಕೇರಿ ಅಕ್ಕ

ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಎಸೆದು ನೋಡಿದೆ. ಕ್ಯಾನಿಗೆ ಒಂದು ಲೋಟ ನೀರು, ಬಟ್ಟೆ ಒಣಹಾಕುವ ನೈಲಾನ್ ಹಗ್ಗ. ತುಳಸಿಕಟ್ಟೆಯೇ ಮುಳುಗುತ್ತಿರುವವನು ಎಂದುಕೊಂಡೆ. ಮೂವತ್ತು ಸಲ ಎಸೆದೆ. ಹನ್ನೊಂದು ಸಲ ಕಟ್ಟೆಗೆ ಸರಿಯಾಗಿ ಬಡಿಯಿತು. ಪಕ್ಕದ ಮನೆಯವರು ಗೋಡೆ ಮೇಲಿಂದ ನೋಡಿ, ಲಂಡನ್ನಿನಿಂದ ಬಂದ ಮೇಲೆ ಅಕ್ಕೋರಿಗೆ ಏನೋ ಆಗಿದೆ ಎಂದುಕೊಂಡಿರಬೇಕು.

ಜೋಯಿಡಾ ಹುಟ್ಟುಗಾರ

ಅಕ್ಕೋರೆ, ಬಡಿಯಬಾರದು! ಮುಳುಗುವವನ ತಲೆಗೆ ಕ್ಯಾನ್ ಬಡಿದರೆ ಹೇಗೆ? ಅವನನ್ನು ದಾಟಿ ಆಚೆ ಬೀಳಬೇಕು, ಹಗ್ಗ ಅವನ ಭುಜದ ಮೇಲೆ ಬರಬೇಕು. ತುಳಸಿಕಟ್ಟೆಯ ಹಿಂದೆ ಒಂದು ಬಕೆಟ್ ಇಟ್ಟು ಅದಕ್ಕೆ ಗುರಿಯಿಡಿ. ಎಸೆಯುವ ಮೊದಲು ಅವನ ಹೆಸರು ಹಿಡಿದು ಜೋರಾಗಿ ಕೂಗಬೇಕು, ಕತ್ತೆತ್ತಿ ನೋಡಲಿ ಎಂದು. ನಾಳೆ ಬೆಳಿಗ್ಗೆ ಮತ್ತೆ ಮೂವತ್ತು.